ವಿದುರಾಶ್ವತ್ಥ, ಕಂಬಾಲಪಲ್ಲಿ, ಕೆಜಿಎಫ್: ಸಾಕ್ಷಿಗಳನ್ನು ಹುಡುಕಿಕೊಂಡು ಹೋದ ಪ್ರವಾಸ

ಮೊದಲ ದಿನ: ಗೌರಿಬಿದನೂರು ಕಡೆಗೆ

ನಮ್ಮ ಕಡೆ ಪ್ರವಾಸ ಅಂದ್ರೆ ನಂದಿಬೆಟ್ಟ, ದೇವರಾಯನದುರ್ಗ, ಅಂತರಗಂಗೆ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ವಾಪಸ್ ಬರುವ ಜಾಗಗಳು. ಈ ಸಲ ನಾನು ಬೇರೆಯದೇ ಪಟ್ಟಿ ಹಿಡಿದು ಹೊರಟೆ. ಸರ್ಕಾರ ತನ್ನ ಜನರ ಮೇಲೆ ಗುಂಡು ಹಾರಿಸಿದ ಊರು, ಏಳು ಜನ ಬೆಂಕಿಯಲ್ಲಿ ಸತ್ತರೂ ಒಬ್ಬರಿಗೂ ಶಿಕ್ಷೆ ಆಗದ ಊರು, ಸರ್ಕಾರಿ ಕಂಪನಿಯೇ ಮನುಷ್ಯರ ಕೈಲಿ ಮಲ ಎತ್ತಿಸಿದ ಊರು. ಮೂರೂ ಹಳೇ ಕೋಲಾರ ಜಿಲ್ಲೆಯವು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದಮೇಲೆ ಎರಡು ಆ ಕಡೆಗೆ ಹೋದವು.

ತುಮಕೂರಿನಿಂದ ಕೊರಟಗೆರೆ ಮೇಲೆ ಗೌರಿಬಿದನೂರಿಗೆ ಬಸ್. ಸ್ಟ್ಯಾಂಡಿನಲ್ಲಿ ಗೆಳತಿ ಕಾಯುತ್ತಿದ್ದಳು. ಕಾಲೇಜಿನಲ್ಲಿ ಜೊತೆಗೆ ಓದಿದವಳು, ಈಗ ಚಿಕ್ಕಬಳ್ಳಾಪುರದಲ್ಲಿ ವಕೀಲಿ ಮಾಡುತ್ತಾಳೆ. ಅವಳ ಸ್ಕೂಟರಿನಲ್ಲೇ ಹಿಂದೂಪುರ ರಸ್ತೆ ಹಿಡಿದೆವು. ಸ್ವಲ್ಪ ದೂರದಲ್ಲೇ ವಿದುರಾಶ್ವತ್ಥ.

ದೇವಸ್ಥಾನದ ಸುತ್ತ ನಾಗರ ಕಲ್ಲುಗಳು. ಒಂದಲ್ಲ ಎರಡಲ್ಲ, ಸಾವಿರಗಟ್ಟಲೆ. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ಪ್ರತಿಷ್ಠೆ ಮಾಡಿಸಿದ್ದು. ಕೆಲವು ಕಲ್ಲುಗಳ ಹೆಡೆ ಸವೆದು ನುಣ್ಣಗಾಗಿದೆ, ಕೆಲವಕ್ಕೆ ಅವತ್ತಿನ ಅರಿಶಿನ ಇನ್ನೂ ಹಸಿ ಇತ್ತು. ವಿದುರ ನೆಟ್ಟಿದ್ದು ಅಂತ ಜನ ನಂಬಿದ್ದ ದೊಡ್ಡ ಅರಳಿ ಮರ 2001ರಲ್ಲಿ ಬಿದ್ದುಹೋಯಿತು. ಪಕ್ಕದಲ್ಲೇ ಉತ್ತರ ಪಿನಾಕಿನಿ. ನಾವು ಹೋದಾಗ ಬರೀ ಮರಳು, ಜಾಲಿ ಗಿಡ.

ಜಾತ್ರೆಯ ದಿನಗಳಲ್ಲಿ ಇಲ್ಲಿ ಜನ ಸೇರುವುದು ಹೊಸದೇನಲ್ಲ. 1938ರ ಏಪ್ರಿಲ್ 25ರಂದು ಸೇರಿದ್ದು ಮಾತ್ರ ಬಾವುಟಕ್ಕಾಗಿ. ಎರಡು ವಾರ ಹಿಂದೆ, ಏಪ್ರಿಲ್ 11ರಂದು, ಮದ್ದೂರಿನ ಪಕ್ಕದ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಮುಂದಾಳತ್ವದಲ್ಲಿ ಮೈಸೂರು ಕಾಂಗ್ರೆಸ್ಸಿನವರು ತ್ರಿವರ್ಣ ಧ್ವಜ ಹಾರಿಸಲು ಹೊರಟಿದ್ದರು, ಸರ್ಕಾರ ನಿಷೇಧ ಹಾಕಿ ಅವರನ್ನು ಬಂಧಿಸಿತ್ತು. ಅದರ ಸುದ್ದಿ ಹಳ್ಳಿ ಹಳ್ಳಿಗೆ ಹರಡಿತ್ತು. ಇಲ್ಲೂ ಸಭೆ ಮಾಡಬಾರದು ಅಂತ ಆಜ್ಞೆ ಆಯಿತು. ಜನ ಆದರೂ ಬಂದರು. ಸುತ್ತಲ ಹಳ್ಳಿಗಳ ರೈತರು, ಕೂಲಿಯವರು, ಜಾತ್ರೆಗೆ ಅಂತ ಬಂದಿದ್ದ ಹೆಂಗಸರು. ಪೊಲೀಸರು ಗುಂಡು ಹಾರಿಸಿದರು.

ಸರ್ಕಾರದ ಲೆಕ್ಕದಲ್ಲಿ ಸತ್ತವರು 10. ಜನರ ಲೆಕ್ಕದಲ್ಲಿ 30ಕ್ಕಿಂತ ಜಾಸ್ತಿ. ಸತ್ತವರಲ್ಲಿ ಗೌರಮ್ಮ ಎನ್ನುವ ಹೆಣ್ಣುಮಗಳೂ ಒಬ್ಬಳು. ಬಸುರಿಯಾಗಿದ್ದಳು ಅಂತ ಈ ಕಡೆಯವರು ಇವತ್ತಿಗೂ ಹೇಳುತ್ತಾರೆ. ದಕ್ಷಿಣದ ಜಲಿಯನ್‌ವಾಲಾ ಬಾಗ್ ಅಂತ ಇದಕ್ಕೆ ಹೆಸರು ಬಂತು. ಈಗ ಅಲ್ಲಿ ಸ್ಮಾರಕ ಇದೆ, ವೀರಸೌಧ ಅಂತ ಚಿತ್ರ ಪ್ರದರ್ಶನದ ಕಟ್ಟಡವೂ ಇದೆ.

ನಾವು ಹಳೇ ಮೈಸೂರು ಸೀಮೆಯವರು. ನಾಲ್ವಡಿಯವರ ಬಗ್ಗೆ ನಮ್ಮ ಮನೆಗಳಲ್ಲಿ ಕೈಮುಗಿದೇ ಮಾತಾಡುತ್ತಿದ್ದುದು. ಕನ್ನಂಬಾಡಿ ಕಟ್ಟೆ, ಶಾಲೆ, ಆಸ್ಪತ್ರೆ, ಹಿಂದುಳಿದವರಿಗೆ ಮೀಸಲಾತಿ, ಎಲ್ಲ ನಿಜ. ಮಾದರಿ ಸಂಸ್ಥಾನ ಅಂತ ಹೊರಗಿನವರೂ ಹೊಗಳುತ್ತಿದ್ದರು. ಅದೇ ಮಾದರಿ ಸಂಸ್ಥಾನದ ಪೊಲೀಸರೇ ಈ ತೋಪಿನಲ್ಲಿ ಬಂದೂಕು ಎತ್ತಿದ್ದು. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳೋಕೆ ನಮಗೆ ಯಾಕೆ ಇಷ್ಟು ಕಷ್ಟ ಆಗುತ್ತದೋ ಗೊತ್ತಿಲ್ಲ. ಆಳುವವರು ಒಳ್ಳೆಯವರು ಅನ್ನುವುದು ಸತ್ತವರ ಮನೆಯವರಿಗೆ ಉತ್ತರ ಆಗೋದಿಲ್ಲ. ತಪ್ಪು ಮಾಡಿದಾಗ ಅವರನ್ನು ಕೇಳುವವರು ಯಾರು ಅನ್ನುವುದೇ ಮುಖ್ಯ. ಅವತ್ತು ಜನ ಕೇಳುತ್ತಿದ್ದುದೂ ಅದನ್ನೇ, ಜವಾಬ್ದಾರಿ ಸರ್ಕಾರ ಬೇಕು ಅಂತ.

ಇಲ್ಲಿ ಕೇಳುವವರು ಇದ್ದರು. ಸುದ್ದಿ ಸಂಸ್ಥಾನದ ಗಡಿ ದಾಟಿತು. ಗಾಂಧೀಜಿ ಮಾತಾಡಿದರು. ಸರ್ದಾರ್ ಪಟೇಲ್, ಆಚಾರ್ಯ ಕೃಪಲಾನಿ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಕೂತರು. ಮೇ ತಿಂಗಳಲ್ಲೇ ಒಪ್ಪಂದ ಆಯಿತು. ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಆಯಿತು, ಜೈಲಿನಲ್ಲಿದ್ದವರು ಹೊರಗೆ ಬಂದರು. ಗೋಲಿಬಾರಿನ ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಸಮಿತಿ ಕೂತಿತು. ಜವಾಬ್ದಾರಿ ಸರ್ಕಾರ ಬರೋಕೆ ಮಾತ್ರ 1947ರ ಮೈಸೂರು ಚಲೋ ಚಳವಳಿವರೆಗೆ ಕಾಯಬೇಕಾಯಿತು.

ಸ್ಮಾರಕದ ಹತ್ತಿರ ಹೂವು ಮಾರುತ್ತಿದ್ದ ಅಜ್ಜಿಯನ್ನು ಗೆಳತಿ ಮಾತಾಡಿಸಿದಳು. ಅಜ್ಜಿಯ ಮಾತು ಅರ್ಧ ತೆಲುಗು, ಅರ್ಧ ಕನ್ನಡ. "ನಮ್ಮತ್ತೆ ಆಗ ಚಿಕ್ಕ ಹುಡುಗಿಯಂತೆ ಕಣಮ್ಮ. ಗುಂಡಿನ ಸದ್ದು ಕೇಳಿ ಎಲ್ರೂ ಹೊಳೆ ಕಡೆ ಓಡಿದ್ರಂತೆ. ಯಾರ್ ಯಾರ್ ಮನೇಲಿ ಯಾರು ವಾಪಸ್ ಬರ್ಲಿಲ್ಲ ಅಂತ ಅತ್ತೆ ಬೆರಳು ಮಡಚಿ ಹೇಳೋರು." ಸರ್ಕಾರದ ಲೆಕ್ಕ ಕಡತದಲ್ಲಿತ್ತು. ಊರಿನ ಲೆಕ್ಕ ಹೀಗೆ ಬೆರಳಿನಲ್ಲಿ ಉಳಿದುಕೊಂಡು ಬಂದಿದೆ.

ರಾತ್ರಿ ಗೆಳತಿಯ ಅಕ್ಕನ ಮನೆಯಲ್ಲಿ ಊಟ. ಮುದ್ದೆ, ಸೊಪ್ಪಿನ ಬಸ್ಸಾರು. ಊಟ ಆದಮೇಲೆ ಮಾತು ತುರ್ತು ಪರಿಸ್ಥಿತಿಗೆ ಹೊರಳಿತು. ಸ್ವತಂತ್ರ ದೇಶದಲ್ಲೇ, ನಮ್ಮ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲೇ, ನಟಿ ಸ್ನೇಹಲತಾ ರೆಡ್ಡಿಯವರನ್ನು ತಿಂಗಳುಗಟ್ಟಲೆ ಇಟ್ಟರು. ಅವರಿಗೆ ಆಸ್ತಮಾ ಇತ್ತು. ಬಿಡುಗಡೆಯಾಗಿ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಬಂಧನ ಸರಿಯೋ ತಪ್ಪೋ ಅಂತ ಕೋರ್ಟಿನಲ್ಲಿ ಕೇಳುವ ಹಕ್ಕೂ ಇಲ್ಲ ಅಂತ 1976ರಲ್ಲಿ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿತ್ತು. ಐವರು ನ್ಯಾಯಮೂರ್ತಿಗಳಲ್ಲಿ ಒಪ್ಪದೇ ಇದ್ದವರು ಎಚ್.ಆರ್. ಖನ್ನಾ ಒಬ್ಬರೇ. ಆ ತೀರ್ಪನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2017ರಲ್ಲಿ, ನಲವತ್ತು ವರ್ಷ ಆದಮೇಲೆ. "ಒಬ್ಬರಾದ್ರೂ ಬೇಡ ಅಂದಿದ್ರಲ್ಲ, ಅದಕ್ಕೇ ಆಮೇಲಿನವರಿಗೆ ಹಿಡ್ಕೊಳ್ಳೋಕೆ ಏನೋ ಒಂದು ಸಿಕ್ತು" ಅಂದಳು ಗೆಳತಿ.

ಎರಡನೇ ದಿನ: ಚಿಂತಾಮಣಿ, ಕಂಬಾಲಪಲ್ಲಿ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ದಾಟಿ ಚಿಂತಾಮಣಿ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ತುಂಬಿದ ಗಾಡಿಗಳ ಮಧ್ಯೆ ಬಸ್ಸು ಅರ್ಧ ಗಂಟೆ ಸಿಕ್ಕಿಹಾಕಿಕೊಂಡಿತು. ಗೆಳತಿ ಬ್ಯಾಗಿನಿಂದ ಫೈಲು ತೆಗೆದು ಓದುತ್ತಾ ಕೂತಳು.

ಕಂಬಾಲಪಲ್ಲಿ ಚಿಂತಾಮಣಿ ತಾಲ್ಲೂಕಿನ ಹಳ್ಳಿ. 2000ದ ಮಾರ್ಚ್ 11ರ ರಾತ್ರಿ ಇಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಬೆಂಕಿ ಇಟ್ಟು ಸುಟ್ಟರು. ಹಿಂದಿನಿಂದ ಬಂದ ಜಗಳ ಇತ್ತು, ಕಲ್ಲು ತೂರಾಟ ಆಗಿತ್ತು, ಮೇಲ್ಜಾತಿಯ ಒಬ್ಬ ವ್ಯಕ್ತಿಯೂ ಸತ್ತಿದ್ದ. ಅದಾದ ಮೇಲೆ ಗುಂಪು ದಲಿತರ ಮನೆಗಳ ಕಡೆ ನುಗ್ಗಿತು. ಸತ್ತವರಲ್ಲಿ ಒಂದೇ ಮನೆಯ ತಾಯಿ, ಮಕ್ಕಳು ಇದ್ದರು. ಮುಖ್ಯಮಂತ್ರಿ ಬಂದರು, ಮಂತ್ರಿಗಳು ಬಂದರು, ದೇಶದ ಪತ್ರಿಕೆಗಳೆಲ್ಲ ಬಂದವು. ದಲಿತ ಸಂಘರ್ಷ ಸಮಿತಿಯವರು ಬೀದಿಗಿಳಿದರು. ನಾನು ಆಗ ಹೈಸ್ಕೂಲು. ಪೇಪರಿನಲ್ಲಿ ಬಂದ ಸುಟ್ಟ ಗೋಡೆಯ ಫೋಟೋ ಇನ್ನೂ ಕಣ್ಣಲ್ಲಿದೆ.

2006ರಲ್ಲಿ ಸೆಷನ್ಸ್ ಕೋರ್ಟ್ ಎಲ್ಲ ಆರೋಪಿಗಳನ್ನೂ ಬಿಡುಗಡೆ ಮಾಡಿತು. ಸರ್ಕಾರ ಮೇಲ್ಮನವಿ ಹಾಕಿತು. 2014ರಲ್ಲಿ ಹೈಕೋರ್ಟ್ ಅದೇ ತೀರ್ಪನ್ನು ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಕಾನೂನಿನ ಪ್ರಕಾರ ಆ ಆರೋಪಿಗಳು ನಿರಪರಾಧಿಗಳು, ಅದನ್ನು ಒಪ್ಪಲೇಬೇಕು. ಆದರೆ ಏಳು ಜನ ಸತ್ತಿದ್ದು ನಿಜ ಅಲ್ವಾ? ಮನೆಗೆ ತಾನಾಗಿ ಬೆಂಕಿ ಬೀಳಲಿಲ್ಲ ಅಲ್ವಾ? ಹಾಗಾದ್ರೆ ಕೊಂದವರು ಯಾರು ಅನ್ನುವ ಪ್ರಶ್ನೆಗೆ ಸರ್ಕಾರದ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಅದು ನನಗೆ ತಡೆಯೋಕಾಗದ ವಿಷಯ.

ಊರಿನಲ್ಲಿ ಜಾಸ್ತಿ ಹೊತ್ತು ಇರಲಿಲ್ಲ. ಯಾರ ಮನೆ ಬಾಗಿಲನ್ನೂ ತಟ್ಟಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಗಾಯ ತೋರಿಸಿ ಅಂತ ಕೇಳೋಕೆ ನಾವ್ಯಾರು? ರಸ್ತೆ ಬದಿ ಅಂಗಡಿಯಲ್ಲಿ ಟೀ ಕುಡಿದೆವು. ಪಕ್ಕದಲ್ಲಿ ಟೊಮೆಟೊ ಕ್ರೇಟುಗಳನ್ನು ಟೆಂಪೋಗೆ ಏರಿಸುತ್ತಿದ್ದರು. ಹುಡುಗರು ಕ್ರೇಟಿಗೆ ಇಷ್ಟು ಅಂತ ಕೂಲಿ ಲೆಕ್ಕ ಹಾಕುತ್ತಿದ್ದರು. ಅವರಲ್ಲಿ ಹೆಚ್ಚಿನವರು ಆ ಘಟನೆ ಆದಮೇಲೆ ಹುಟ್ಟಿದವರು. ಯಾವ ಊರು, ಏನು ಕೆಲಸ ಅಂತ ಅಂಗಡಿಯಾತ ವಿಚಾರಿಸಿದ. ಗೆಳತಿ ವಕೀಲೆ ಅಂದ ಕೂಡಲೇ "ಅದೆಲ್ಲ ಮುಗಿದೋಗಿದೆ ಮೇಡಂ" ಅಂದ. ನಾವು ಏನೂ ಕೇಳಿರಲೇ ಇಲ್ಲ.

ವಾಪಸ್ ಚಿಂತಾಮಣಿಗೆ ಬರುವಾಗ ಗೆಳತಿ ಇಡೀ ದಾರಿ ಮಾತಾಡಿದಳು. ಅವಳು ಹೇಳಿದ್ದನ್ನು ಆದಷ್ಟು ಹಾಗೇ ಬರೆಯುತ್ತೇನೆ, ಯಾಕಂದ್ರೆ ಸಾಕ್ಷಿ ತಿರುಗಿಬಿದ್ದ ಅಂದ ತಕ್ಷಣ ದುಡ್ಡು ತಗೊಂಡಿರಬೇಕು ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ.

"ಪೊಲೀಸರ ಮುಂದೆ ಕೊಟ್ಟ ಹೇಳಿಕೆ ಸಾಕ್ಷ್ಯ ಆಗಲ್ಲ ಕಣೋ. ಅದಕ್ಕೆ ಸಹಿ ಕೂಡ ಇರಲ್ಲ. ಸಾಕ್ಷಿ ಕೋರ್ಟಿಗೆ ಬಂದು, ಆರೋಪಿ ಎದುರಿಗೇ ನಿಂತು, ಮತ್ತೆ ಎಲ್ಲ ಹೇಳ್ಬೇಕು. ಅದು ಯಾವಾಗ? ನಾಲ್ಕು ವರ್ಷ, ಐದು ವರ್ಷ ಆದ್ಮೇಲೆ. ಅಲ್ಲೀತನಕ ಅವನು ಎಲ್ಲಿರ್ತಾನೆ? ಅದೇ ಊರಲ್ಲಿ. ಕೂಲಿ ಯಾರ ಹೊಲದಲ್ಲಿ? ನೀರು ಯಾರ ಬೋರ್‌ವೆಲ್‌ನಲ್ಲಿ? ಮಗಳ ಮದುವೆಗೆ ಸಾಲ ಯಾರ ಹತ್ರ? ಬೇಲ್ ಮೇಲೆ ಬಂದವರು ದಿನಾ ಅದೇ ರಸ್ತೇಲಿ ಓಡಾಡ್ತಿರ್ತಾರೆ. ಒಂದ್ ಮಾತೂ ಬೆದರಿಸಬೇಕಾಗಿಲ್ಲ, ಸುಮ್ನೆ ಮನೆ ಮುಂದೆ ಬೈಕ್ ನಿಲ್ಸಿದ್ರೆ ಸಾಕು."

ಈಗ ಕಾನೂನು ಬದಲಾಗಿದೆ ಅನ್ನುವುದೂ ನಿಜ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂತು, 2016ರ ಜನವರಿಯಿಂದ ಜಾರಿಗೆ ಬಂತು. ನೊಂದವರ ಹಾಗೂ ಸಾಕ್ಷಿಗಳ ಹಕ್ಕುಗಳಿಗೆ ಅಂತಲೇ ಅದರಲ್ಲಿ ಒಂದು ಅಧ್ಯಾಯ ಸೇರಿದೆ. ರಕ್ಷಣೆ, ಪ್ರಯಾಣದ ಖರ್ಚು, ಬೇಕಾದರೆ ಬೇರೆ ಕಡೆ ವಸತಿ, ಆರೋಪಿಗೆ ಬೇಲ್ ಕೊಡುವಾಗ ನೊಂದವರ ಮಾತನ್ನೂ ಕೇಳಬೇಕು, ಇದೆಲ್ಲ ಬರೆದಿದೆ. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಸಾಕ್ಷಿ ರಕ್ಷಣಾ ಯೋಜನೆಯನ್ನು ಒಪ್ಪಿ, ಸಂಸತ್ತು ಕಾನೂನು ಮಾಡುವ ತನಕ ಇದೇ ಕಾನೂನು ಅಂತ ಹೇಳಿತು. ಅದರ ಪ್ರಕಾರ ಸಾಕ್ಷಿ ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಕೊಡಬಹುದು. ಬೆದರಿಕೆ ಎಷ್ಟಿದೆ ಅಂತ ಪೊಲೀಸರು ವರದಿ ಕೊಡಬೇಕು. ಹೆಸರು ಮರೆಮಾಡಬಹುದು, ಮನೆ ಹತ್ತಿರ ಬೀಟ್ ಹಾಕಿಸಬಹುದು, ಊರೇ ಬದಲಾಯಿಸಬಹುದು. 2024ರ ಜುಲೈನಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಪ್ರತಿ ರಾಜ್ಯ ಇಂಥ ಯೋಜನೆ ಮಾಡಲೇಬೇಕು ಅಂತ ಇದೆ.

"ನಿನ್ನ ಹತ್ರ ಬಂದ ಎಷ್ಟು ಸಾಕ್ಷಿಗಳಿಗೆ ಇದು ಗೊತ್ತಿತ್ತು?" ಅಂತ ಕೇಳಿದೆ.

"ಒಬ್ಬರಿಗೂ ಇಲ್ಲ. ನಾನೇ ಹೇಳ್ಬೇಕು. ಹೇಳಿದ್ರೂ ಅವರ ಮೊದಲನೇ ಪ್ರಶ್ನೆ, ಊರು ಬಿಟ್ರೆ ನಮ್ಮ ಹಸು ಯಾರು ನೋಡ್ಕೋತಾರೆ ಮೇಡಂ ಅಂತ."

ಇದನ್ನು ಕೇಳಿದ ಮೇಲೆ ಹಿಂದಿನ ದಿನದ್ದು ನನಗೆ ಬೇರೆ ಥರ ಕಂಡಿತು. ವಿದುರಾಶ್ವತ್ಥದಲ್ಲಿ ಸತ್ತವರ ಬೆನ್ನಿಗೆ ಒಂದು ದೊಡ್ಡ ಚಳವಳಿ ನಿಂತಿತ್ತು. ಅವರ ಪರವಾಗಿ ಮಾತಾಡಿದವರನ್ನು ಊರಿನಿಂದ ಓಡಿಸುವ ಶಕ್ತಿ ಯಾರಿಗೂ ಇರಲಿಲ್ಲ. ಕಂಬಾಲಪಲ್ಲಿಯ ಸಾಕ್ಷಿಗಳು ಒಬ್ಬೊಬ್ಬರೇ ಕಟಕಟೆ ಹತ್ತಬೇಕಾಯಿತು. ಆರು ವರ್ಷ ಅವರ ಜೊತೆ ನಿಲ್ಲಬೇಕಾಗಿದ್ದ ಸರ್ಕಾರ ನಿಲ್ಲಲಿಲ್ಲ. ಗುಂಡು ಹಾರಿಸಿದರೆ ಮಾತ್ರ ದಬ್ಬಾಳಿಕೆಯ ಸರ್ಕಾರ ಅಂತ ನಾವು ಅಂದುಕೊಂಡಿದ್ದೇವೆ. ಸಾಕ್ಷಿಯನ್ನು ಒಂಟಿ ಬಿಡುವುದೂ ದಬ್ಬಾಳಿಕೆಯೇ. ಸದ್ದಿಲ್ಲದ್ದು, ಅಷ್ಟೇ.

ಗೆಳತಿಗೆ ಮರುದಿನ ಕೋರ್ಟಿತ್ತು. ಚಿಂತಾಮಣಿಯಲ್ಲೇ ಬಸ್ ಹತ್ತಿ ಹೊರಟಳು. ನಾನು ಕೋಲಾರಕ್ಕೆ ಹೋಗಿ ಉಳಿದುಕೊಂಡೆ.

ಮೂರನೇ ದಿನ: ಕೆಜಿಎಫ್

ಕೋಲಾರದಿಂದ ಬಂಗಾರಪೇಟೆ, ಅಲ್ಲಿಂದ ಕೆಜಿಎಫ್. ಇದೇ ಸೀಮೆಯ ಕ್ಯಾಸಂಬಳ್ಳಿಯವರು ಕೆ.ಸಿ. ರೆಡ್ಡಿ, 1947ರ ಅಕ್ಟೋಬರಿನಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿ ಆದವರು.

ಊರು ಹತ್ತಿರ ಬಂದ ಹಾಗೆ ಸೈನೈಡ್ ದಿಬ್ಬಗಳು ಕಾಣಿಸುತ್ತವೆ. ಚಿನ್ನ ತೆಗೆದು ಉಳಿದ ಮಣ್ಣನ್ನು ನೂರು ವರ್ಷಕ್ಕೂ ಜಾಸ್ತಿ ರಾಶಿ ಹಾಕಿದ್ದು. ಗಾಳಿ ಬೀಸಿದರೆ ಬೂದು ಬಣ್ಣದ ಧೂಳು ಮನೆಗಳ ಮೇಲೆ ಬೀಳುತ್ತದೆ. ಜಾನ್ ಟೇಲರ್ ಕಂಪನಿ 1880ರಲ್ಲಿ ಶುರು ಮಾಡಿದ ಗಣಿ, 1956ರಲ್ಲಿ ಮೈಸೂರು ಸರ್ಕಾರದ ಕೈಗೆ ಬಂತು, ಆಮೇಲೆ ಕೇಂದ್ರ ಸರ್ಕಾರದ ಕಂಪನಿ ಆಯಿತು, 2001ರ ಫೆಬ್ರವರಿ 28ಕ್ಕೆ ಮುಚ್ಚಿತು. 1902ರಲ್ಲೇ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂದಿದ್ದು ಎಲ್ಲರಿಗೂ ಗೊತ್ತು. ಆ ಕರೆಂಟು ಬಂದಿದ್ದು ಗಣಿಗೆ. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದವರು ಹೆಚ್ಚಿನಂಶ ಉತ್ತರ ಆರ್ಕಾಟಿನ ಕಡೆಯಿಂದ ಬಂದ ದಲಿತರು. ಅವರಿಗೆ ಕೊಟ್ಟಿದ್ದು ಸಾಲು ಮನೆಗಳು. ಇವತ್ತಿಗೂ ಜನ ಅದನ್ನು ಲೈನು ಅಂತಲೇ ಕರೆಯುತ್ತಾರೆ.

ಒಂದು ಲೈನಿನೊಳಗೆ ನಡೆದೆ. ಗೋಡೆಗೆ ಗೋಡೆ ಅಂಟಿದ ಮನೆಗಳು. ಗಣಿಯಲ್ಲಿ ದುಡಿದು ನಿವೃತ್ತರಾದ ಒಬ್ಬ ಹಿರಿಯರು ಜಗುಲಿ ಮೇಲೆ ಕೂತಿದ್ದರು. "ವಾಂಗೋ ಸಾರ್" ಅಂತ ಕರೆದು, ಆಮೇಲೆ ಕನ್ನಡಕ್ಕೆ ಬಂದರು. ಅವರ ತಾತನ ಕಾಲದ ಮಾತು, 1930ರದ್ದು. ಪ್ರತಿಯೊಬ್ಬ ಕೆಲಸಗಾರನ ಬೆರಳಚ್ಚು ತಗೊಂಡು ದಾಖಲು ಮಾಡಬೇಕು ಅಂತ ಕಂಪನಿ ಹೊರಟಿತು. ಬೆರಳಚ್ಚು ತಗೊಳ್ಳೋದು ಕಳ್ಳರದ್ದು, ನಮ್ಮದ್ಯಾಕೆ ಅಂತ ಜನ ಗಣಿಗೆ ಇಳಿಯಲಿಲ್ಲ. ಸುಮಾರು ಮೂರು ವಾರ ಕೆಲಸ ನಿಂತಿತು. ಆಗ ಯೂನಿಯನ್ ಕೂಡ ಇರಲಿಲ್ಲ. 1946ರ ನವೆಂಬರ್ 4ರಂದು ಮತ್ತೊಂದು ಹೋರಾಟದಲ್ಲಿ ಪೊಲೀಸರು ಗುಂಡು ಹಾರಿಸಿದರು. ಆರು ಕಾರ್ಮಿಕರು ಸತ್ತರು. ಇದು ವಿದುರಾಶ್ವತ್ಥ ಆಗಿ ಎಂಟು ವರ್ಷಕ್ಕೆ. ಅದೇ ಮೈಸೂರು ಸರ್ಕಾರ. ಪ್ರತಿ ವರ್ಷ ನವೆಂಬರ್ 4ಕ್ಕೆ ಯೂನಿಯನ್ನಿನವರು ಸೇರಿ ಹೂವು ಹಾಕುತ್ತಾರೆ. ವಿದುರಾಶ್ವತ್ಥದ ಹೆಸರಾದರೂ ನಮ್ಮ ಕಿವಿಗೆ ಬಿದ್ದಿದೆ, ಇದು ಕೋಲಾರ ಜಿಲ್ಲೆಯ ಎಷ್ಟೋ ಜನಕ್ಕೇ ಗೊತ್ತಿಲ್ಲ. ಸತ್ತವರು ತಮಿಳು ಮಾತಾಡುತ್ತಿದ್ದ ಕೂಲಿಗಳು ಅನ್ನುವುದೂ ಅದಕ್ಕೆ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಲೈನಿನ ಕೊನೆಯಲ್ಲಿ ಹಿಂದೆ ಸಾರ್ವಜನಿಕ ಕಕ್ಕಸು ಇದ್ದವಂತೆ. ನೀರಿಲ್ಲದ ಒಣ ಕಕ್ಕಸು. ಅದನ್ನು ಬಳಿದು, ಬಕೆಟ್ಟಿಗೆ ತುಂಬಿ, ತಲೆ ಮೇಲೆ ಹೊತ್ತು ಹಾಕುತ್ತಿದ್ದವರು ಒಂದೇ ಜಾತಿಯ ಗಂಡಸರು, ಹೆಂಗಸರು. ಬೆಜವಾಡ ವಿಲ್ಸನ್ ಹುಟ್ಟಿದ್ದು ಅಂಥ ಮನೆಯಲ್ಲಿ, 1966ರಲ್ಲಿ, ಇದೇ ಕೆಜಿಎಫ್‌ನಲ್ಲಿ. 1993ರಲ್ಲಿ ಮಲ ಹೊರಿಸುವುದನ್ನು ನಿಷೇಧಿಸಿ ಕಾನೂನು ಬಂದಮೇಲೂ ಇಲ್ಲಿ ಅದು ನಡೆಯುತ್ತಲೇ ಇತ್ತು. ವಿಲ್ಸನ್ ಏನು ಮಾಡಿದರು ಅಂದ್ರೆ, ಆ ಕಕ್ಕಸುಗಳ ಫೋಟೋ ತೆಗೆದರು. ಅವುಗಳ ಜೊತೆ ಮೇಲಿನವರಿಗೆ ಪತ್ರ ಬರೆದರು, ಕೋರ್ಟಿಗೆ ಹೋಗುತ್ತೇವೆ ಅಂದರು. ಪತ್ರಿಕೆಗಳಲ್ಲಿ ಸುದ್ದಿ ಬಂತು. ಗಣಿಯವರು ತುರ್ತಾಗಿ ಸಭೆ ಸೇರಿ ಕಕ್ಕಸುಗಳನ್ನು ಬದಲಾಯಿಸಬೇಕಾಯಿತು, ಹೊರುತ್ತಿದ್ದವರಿಗೆ ಬೇರೆ ಕೆಲಸ ಕೊಡಬೇಕಾಯಿತು. ಫೋಟೋವನ್ನು ಯಾರೂ ಬೆದರಿಸಿ ಮಾತು ಬದಲಾಯಿಸೋಕೆ ಆಗೋದಿಲ್ಲ. ಅವರು ಜೊತೆಗೂಡಿ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2014ರ ಮಾರ್ಚ್ 27ಕ್ಕೆ ತೀರ್ಪು ಬಂತು: 1993ರಿಂದ ಈಚೆಗೆ ಮ್ಯಾನ್‌ಹೋಲ್, ಸೆಪ್ಟಿಕ್ ಗುಂಡಿಗಳಲ್ಲಿ ಸತ್ತ ಪ್ರತಿಯೊಬ್ಬರ ಮನೆಗೂ 10 ಲಕ್ಷ ಕೊಡಬೇಕು. 2023ರ ಅಕ್ಟೋಬರಿನಲ್ಲಿ ಅದೇ ಕೋರ್ಟು ಅದನ್ನು 30 ಲಕ್ಷಕ್ಕೆ ಏರಿಸಿತು. ಇನ್ನೂ ಪರಿಹಾರವೇ ಸಿಗದವರಿಗೂ ಇದೇ ಮೊತ್ತ ಅಂತ ಹೇಳಿತು.

ಸಂಜೆ ಮಾರಿಕುಪ್ಪಂನಿಂದ ಬೆಂಗಳೂರಿನ ರೈಲು ಹತ್ತಿದೆ. ಗಣಿ ಮುಚ್ಚಿದ ಮೇಲೆ ಈ ಊರಿನ ಹೊಟ್ಟೆಪಾಡು ಈ ಹಳಿಗಳ ಮೇಲೇ. ದಿನಾ ಸಾವಿರಾರು ಜನ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತಾರೆ. ಊರ್ಗಾಂನಲ್ಲಿ ಹತ್ತಿದ ಒಬ್ಬ ಹೆಂಗಸು ಎದುರಿಗೆ ಕೂತರು. ಮಗಳ ಮನೆಗೆ ಹೊರಟಿದ್ದರು. ಎಲ್ಲಿಗೆ ಬಂದಿದ್ರಿ ಅಂತ ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮನ ವಿಷಯ ತೆಗೆದರು. ನಾಲ್ಕು ವರ್ಷದ ಹಿಂದೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಗುಂಡಿಗೆ ಇಳಿದವನು ಮೇಲೆ ಬರಲಿಲ್ಲವಂತೆ. ಮೇಸ್ತ್ರಿ ಮಣ್ಣಿನ ಖರ್ಚಿಗೆ ಅಂತ ಒಂದಿಷ್ಟು ದುಡ್ಡು ಕೊಟ್ಟು ಅವನ ಹೆಂಡತಿಯ ಸಹಿ ಹಾಕಿಸಿಕೊಂಡ. ಸರ್ಕಾರದಿಂದ ಏನೂ ಬಂದಿಲ್ಲ.

30 ಲಕ್ಷದ ತೀರ್ಪಿನ ವಿಷಯ ಹೇಳಿದೆ. ಅವರು ನಂಬಲಿಲ್ಲ. ಗೆಳತಿಗೆ ಫೋನ್ ಮಾಡಿ ಅವರ ಕೈಗೇ ಕೊಟ್ಟೆ. ಗಲಾಟೆಯಲ್ಲಿ ಕೇಳಿಸಲಿ ಅಂತ ಸ್ಪೀಕರ್ ಹಾಕಿದೆ.

"ಅಕ್ಕಾ, ಪೋಸ್ಟ್‌ಮಾರ್ಟಂ ಆಗಿತ್ತಾ?"

"ಆಗಿತ್ತಮ್ಮ. ಜೆರಾಕ್ಸ್ ಮನೇಲಿದೆ."

"ಅವತ್ತು ಜೊತೇಲಿ ಯಾರಿದ್ರು?"

"ಇಬ್ರು ಹುಡುಗ್ರು ಇದ್ರು. ಹಗ್ಗ ಹಿಡ್ಕೊಂಡಿದ್ದವರು. ಈಗ್ಲೂ ಅದೇ ಮೇಸ್ತ್ರಿ ಹತ್ರಾನೇ ಕೆಲಸ ಮಾಡ್ತಾರೆ. ಅವರು ಹೇಳಲ್ಲಮ್ಮ."

"ಅವರ ತಂಟೆಗೆ ಈಗಲೇ ಹೋಗ್ಬೇಡಿ. ಅವರ ಕೆಲಸಾನೂ ಹೋಗೋದು ಬೇಡ. ಮೊದಲು ಜೆರಾಕ್ಸ್ ತನ್ನಿ. ಗ್ಯಾಸಿಂದ ಉಸಿರು ಕಟ್ಟಿ ಸತ್ತ ಅಂತ ಅದರಲ್ಲಿ ಬರೆದಿದ್ರೆ ಅದೇ ದೊಡ್ಡ ಸಾಕ್ಷಿ. ಫೀಸು ಗೀಸು ಏನಿಲ್ಲ, ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಎಸ್‌ಸಿಯವರಿಗೆ ವಕೀಲರು ಪುಕ್ಕಟೆ. ನಾದಿನಿಯನ್ನೂ ಕರ್ಕೊಂಡು ಬನ್ನಿ, ಅರ್ಜಿ ಅವರ ಹೆಸರಲ್ಲೇ ಹಾಕ್ಬೇಕು."

ಬಂಗಾರಪೇಟೆಯಲ್ಲಿ ಜನ ನುಗ್ಗಿದರು. ಫೋನ್ ವಾಪಸ್ ಕೊಟ್ಟು ಅವರು ಕೇಳಿದ್ದು ಇಷ್ಟೇ, "ಕೋಲಾರದಿಂದ ಚಿಕ್ಕಬಳ್ಳಾಪುರಕ್ಕೆ ಬೆಳಗ್ಗೆ ಮೊದಲನೇ ಬಸ್ಸು ಎಷ್ಟೊತ್ತಿಗೆ ಅಣ್ಣಾ?"